ಐದು ಲಕ್ಷದ ಪ್ರಶ್ನೆಗಳು: ಬಯಲುಸೀಮೆಯ ಊಟದ ಸಂಶೋಧನೆಗೆ ದುಡ್ಡು ಯಾರು ಕೊಡಬೇಕು?

ಶಾಲೆಗಳಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಕೊಡುತ್ತಿದ್ದ ಶೇಂಗಾ ಚಿಕ್ಕಿಯನ್ನು ರಾಜ್ಯ ಸರ್ಕಾರ 2025ರ ಆರಂಭದಲ್ಲಿ ನಿಲ್ಲಿಸಿತು. ಸಕ್ಕರೆ ಮತ್ತು ಕೊಬ್ಬು ಜಾಸ್ತಿ, ದಾಸ್ತಾನು ಸರಿಯಿಲ್ಲ, ಗುಣಮಟ್ಟ ಕಳಪೆ ಎಂಬ ದೂರುಗಳು ಬಂದಿದ್ದವು. ಇನ್ನು ಮೇಲೆ ಮೊಟ್ಟೆ, ಬೇಡ ಅಂದವರಿಗೆ ಬಾಳೆಹಣ್ಣು ಎಂದಾಯಿತು. ಚಳ್ಳಕೆರೆಯ ಕಡೆಯಿಂದ ನೋಡಿದರೆ ಇದು ವಿಚಿತ್ರವಾಗಿ ಕಾಣುತ್ತದೆ. ಸುತ್ತಲೂ ಶೇಂಗಾ ಹೊಲ, ಊರ ತುಂಬ ಎಣ್ಣೆ ಗಿರಣಿ, 'ಎಣ್ಣೆ ನಗರ' ಅನ್ನುವ ಹೆಸರು ಬೇರೆ. ಅಲ್ಲಿಯ ಶಾಲೆಯ ಮಗುವಿನ ಕೈಗೆ ಮಾತ್ರ ಬಾಳೆಹಣ್ಣು. ನೂರು ಗ್ರಾಂ ಶೇಂಗಾದಲ್ಲಿ ಸುಮಾರು 25 ಗ್ರಾಂ ಪ್ರೋಟೀನ್ ಇದ್ದರೆ ಅಷ್ಟೇ ತೂಕದ ಬಾಳೆಹಣ್ಣಿನಲ್ಲಿ ಒಂದು ಗ್ರಾಂ ಆಸುಪಾಸು. ಪೋಷಣೆಯ ಲೆಕ್ಕದಲ್ಲಿ ಮೊಟ್ಟೆಗೆ ಇದು ಬದಲಿಯಾಗುವುದಿಲ್ಲ. ಆಡಳಿತದ ಲೆಕ್ಕದಲ್ಲಿ ಆಗುತ್ತದೆ: ಮುಗ್ಗಲು ಹಿಡಿಯುವುದಿಲ್ಲ, ಪ್ಯಾಕೆಟ್ ಇಲ್ಲ, ಟೆಂಡರ್ ಇಲ್ಲ, ಹತ್ತಿರದ ಅಂಗಡಿಯಲ್ಲಿ ಸಿಗುತ್ತದೆ.

ಚಿಕ್ಕಿಯನ್ನು ನಿಲ್ಲಿಸಿದ್ದು ತಪ್ಪು ಎಂದು ನಾನು ವಾದಿಸುತ್ತಿಲ್ಲ. ಕೆಟ್ಟ ಚಿಕ್ಕಿಯನ್ನು ಮಕ್ಕಳಿಗೆ ತಿನ್ನಿಸುವುದಕ್ಕಿಂತ ನಿಲ್ಲಿಸುವುದೇ ಸರಿ. ಆದರೆ ಕೆಟ್ಟಿದ್ದು ಯಾವ ಹಂತದಲ್ಲಿ? ಏಪ್ರಿಲ್ ಬಿಸಿಲಿನಲ್ಲಿ ಶಾಲೆಯ ದಾಸ್ತಾನು ಕೋಣೆಯಲ್ಲಿ ಶೇಂಗಾದ ಎಣ್ಣೆ ಕಮಟು ಹಿಡಿಯಲು ಎಷ್ಟು ವಾರ ಬೇಕು? ಬೆಲ್ಲದ ಪಾಕಕ್ಕೂ ಸಕ್ಕರೆ ಪಾಕಕ್ಕೂ ಅದರಲ್ಲಿ ವ್ಯತ್ಯಾಸವಿದೆಯೇ? ಹುರಿಯುವ ಮೊದಲು ಕೆಟ್ಟ ಬೀಜವನ್ನು ಸರಿಯಾಗಿ ಆರಿಸಿ ತೆಗೆದರೆ ಬೂಷ್ಟಿನಿಂದ ಹುಟ್ಟುವ ಅಫ್ಲಾಟಾಕ್ಸಿನ್ ವಿಷ ಎಷ್ಟು ಇಳಿಯುತ್ತದೆ? ಎಣ್ಣೆ ಕಮಟು ಹಿಡಿದಿದ್ದನ್ನು ಅಳೆಯುವ ಪೆರಾಕ್ಸೈಡ್ ಪರೀಕ್ಷೆಯನ್ನು ಬ್ಯುರೆಟ್ ಹಿಡಿಯಲು ಬರುವ ಬಿ.ಎಸ್‌ಸಿ. ವಿದ್ಯಾರ್ಥಿ ಮಾಡಬಲ್ಲ. ಅಫ್ಲಾಟಾಕ್ಸಿನ್ ಪರೀಕ್ಷೆಗೆ ಕಿಟ್‌ಗಳಿವೆ. ಇಡೀ ಅಧ್ಯಯನ ಒಂದು ಶೈಕ್ಷಣಿಕ ವರ್ಷದಲ್ಲಿ ನಾಲ್ಕೈದು ಲಕ್ಷ ರೂಪಾಯಿಯೊಳಗೆ ಮುಗಿಯುವಂಥದ್ದು. ಶಾಲೆಗಳಲ್ಲಿ ವಾರದ ಆರೂ ದಿನ ಮೊಟ್ಟೆ ಕೊಡಲು ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ ಒಪ್ಪಿಕೊಂಡ ಮೊತ್ತ ಸುಮಾರು 1,500 ಕೋಟಿ. ಅಷ್ಟು ದೊಡ್ಡ ಕಾರ್ಯಕ್ರಮದ ಒಂದು ತುದಿಯನ್ನು ಕತ್ತರಿಸುವ ತೀರ್ಮಾನಕ್ಕೆ ಐದು ಲಕ್ಷದ ಅಧ್ಯಯನದ ಆಸರೆ ಇರಬೇಕಿತ್ತು.

ಸಸ್ಯಮೂಲದ ಆಹಾರದ ಸಂಶೋಧನೆ ಅಂದಕೂಡಲೇ ನಮ್ಮಲ್ಲಿ ಇನ್ನೊಂದು ಗದ್ದಲ ಶುರುವಾಗುತ್ತದೆ. 2021ರ ಡಿಸೆಂಬರ್‌ನಲ್ಲಿ ಶಾಲೆಗಳಿಗೆ ಮೊಟ್ಟೆ ಬಂದಾಗ ಕೆಲವು ಮಠಾಧೀಶರು ವಿರೋಧಿಸಿದ್ದು, ಅದಕ್ಕೆ ಉತ್ತರವಾಗಿ ಮಕ್ಕಳೇ ಮೊಟ್ಟೆ ಬೇಕು ಎಂದು ಮಾತಾಡಿದ್ದು ಎಲ್ಲರಿಗೂ ನೆನಪಿದೆ. ಅಂದಿನಿಂದ ಈ ವಿಷಯ ಜಾತಿ, ಧರ್ಮದ ಜಗಳದೊಳಗೆ ಸಿಕ್ಕಿಕೊಂಡಿದೆ. ದಾವಣಗೆರೆ, ಚಿತ್ರದುರ್ಗದಲ್ಲಿ ಮಠಗಳ ಮಾತಿಗೆ ತೂಕ ಹೆಚ್ಚಾದ್ದರಿಂದ ವಿಶ್ವವಿದ್ಯಾಲಯದವರು ಇದನ್ನು ಮುಟ್ಟಲೇ ಹಿಂಜರಿಯಬಹುದು. ವಾಸ್ತವ ಸರಳ. ಈ ಎರಡು ಜಿಲ್ಲೆಗಳಲ್ಲಿ ಬಹಳಷ್ಟು ಜನ ಮಾಂಸ, ಮೊಟ್ಟೆ ತಿನ್ನುವವರೇ. ಆದರೆ ದಿನಾ ತಿನ್ನುವ ಶಕ್ತಿ ಇಲ್ಲ. ವಾರದ ಹೆಚ್ಚಿನ ದಿನ ತಟ್ಟೆಯಲ್ಲಿರುವುದು ಮುದ್ದೆ ಅಥವಾ ರೊಟ್ಟಿ, ಅನ್ನ, ಹುರುಳಿಕಾಳಿನ ಸಾರು, ಬೆರಕೆ ಸೊಪ್ಪು, ಶೇಂಗಾ ಚಟ್ನಿ. ಕೂಲಿಗೆ ಹೋಗುವ ಹೆಂಗಸಿಗೆ ಸಸ್ಯಾಹಾರ ಒಂದು ಸಿದ್ಧಾಂತ ಆಗಿರುವುದಿಲ್ಲ, ಜೇಬಿನ ಲೆಕ್ಕ ಆಗಿರುತ್ತದೆ. ಅವಳ ತಟ್ಟೆಯಲ್ಲಿರುವುದು ಅವಳ ರಕ್ತಕ್ಕೆ ಎಷ್ಟು ಸೇರುತ್ತದೆ ಎಂದು ಕೇಳುವುದಕ್ಕೂ ಮೊಟ್ಟೆ ಬೇಡ ಎನ್ನುವುದಕ್ಕೂ ಸಂಬಂಧವಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ 47.8 ಮಂದಿಗೆ, ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 65.5 ಮಂದಿಗೆ ರಕ್ತಹೀನತೆ ಇತ್ತು. ಕಬ್ಬಿಣದ ಮಾತ್ರೆ ದಶಕಗಳಿಂದ ಹಂಚುತ್ತಿದ್ದೇವೆ. ಊಟದೊಳಗಿನ ಕಬ್ಬಿಣದ ಕಥೆ ಮಾತ್ರ ಅರ್ಧಕ್ಕೇ ನಿಂತಿದೆ.

ಅರ್ಧಕ್ಕೆ ಅಂದರೆ ಎಷ್ಟು? ದೇಶದಲ್ಲಿ ಯಾವುದೇ ಆಹಾರದ ಪೋಷಕಾಂಶ ಹೇಳಬೇಕಾದರೆ ಎಲ್ಲರೂ ತೆರೆಯುವುದು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2017ರಲ್ಲಿ ಹೊರತಂದ ಭಾರತೀಯ ಆಹಾರ ಸಂಯೋಜನಾ ಕೋಷ್ಟಕವನ್ನು. 528 ಆಹಾರಗಳು, ದೇಶವನ್ನು ಆರು ವಲಯ ಮಾಡಿ ತಂದ ಮಾದರಿಗಳು. ಶ್ರದ್ಧೆಯ ಕೆಲಸ, ಅನುಮಾನವಿಲ್ಲ. ಅದರ ಧಾನ್ಯಗಳ ಪಟ್ಟಿಯಲ್ಲಿ ರಾಗಿ, ಜೋಳ, ಸಜ್ಜೆ, ಸಾವೆ, ಹಾರಕ ಇವೆ. ನವಣೆ ಇಲ್ಲ. ಕೊರಲೆ, ಊದಲು, ಬರಗು ಕೂಡ ಇಲ್ಲ. ದಕ್ಷಿಣ ಅಮೆರಿಕದ ಕ್ವಿನೋವಾ ಇದೆ! ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು 2023ರಲ್ಲಿ ಊರೂರಲ್ಲಿ ಮೇಳ ಮಾಡಿದಾಗ ನವಣೆಯ ಪಾಕೆಟ್ ಮೇಲೆ ಅಚ್ಚಾದ ಅಂಕಿಗಳಲ್ಲಿ ಹೆಚ್ಚಿನವು ದಶಕಗಳ ಹಿಂದಿನ ಕೋಷ್ಟಕದಿಂದ ಬಂದವು. ಪಟ್ಟಿಯಲ್ಲಿರುವ ಸಾವೆಯ ಅಂಕಿಯೂ ಹೊಸದುರ್ಗದ ಕೆಂಪು ಮಣ್ಣಿನಲ್ಲಿ ಬೆಳೆದು, ಅಲ್ಲಿಯ ಗಿರಣಿಯಲ್ಲಿ ಪಾಲಿಶ್ ಆದ ಸಾವೆಯದ್ದಲ್ಲ. ಗಿರಣಿಯಲ್ಲಿ ತೌಡು ಎಷ್ಟು ಹೋಯಿತು ಅನ್ನುವುದರ ಮೇಲೆ ಸಾವೆಯ ನಾರು, ಕಬ್ಬಿಣ ಎರಡೂ ಬದಲಾಗುತ್ತವೆ.

ಇದ್ದದ್ದೆಲ್ಲ ದೇಹಕ್ಕೆ ಸೇರುವುದೂ ಇಲ್ಲ. ರಾಗಿಯಲ್ಲಿ ನೂರು ಗ್ರಾಂಗೆ 364 ಮಿಲಿಗ್ರಾಂ ಕ್ಯಾಲ್ಸಿಯಂ ಎಂದು ಕೋಷ್ಟಕ ಹೇಳುತ್ತದೆ. ಅದೇ ರಾಗಿಯಲ್ಲಿ ಫೈಟೇಟ್, ಟ್ಯಾನಿನ್ ಎಂಬ ಸಸ್ಯಜನ್ಯ ರಾಸಾಯನಿಕಗಳಿವೆ. ಅವು ಕ್ಯಾಲ್ಸಿಯಂ, ಕಬ್ಬಿಣ, ಸತುವನ್ನು ಹಿಡಿದಿಟ್ಟುಕೊಳ್ಳುತ್ತವೆ. ಮೊಳಕೆ ಕಟ್ಟಿ ಒಣಗಿಸಿ ಬೀಸಿದರೆ ಫೈಟೇಟ್ ಇಳಿಯುತ್ತದೆ. ಅಂಬಲಿಯ ಹಾಗೆ ಹುಳಿ ಬರಿಸಿದರೂ ಇಳಿಯುತ್ತದೆ. ಜೊತೆಗೆ ನಿಂಬೆಹುಳಿಯೋ ನೆಲ್ಲಿಕಾಯಿಯೋ ಇದ್ದರೆ ಕಬ್ಬಿಣ ಹೀರುವುದು ಏರುತ್ತದೆ, ಊಟದ ಬೆನ್ನಿಗೇ ಚಹಾ ಕುಡಿದರೆ ಇಳಿಯುತ್ತದೆ. ತತ್ವವಾಗಿ ಇದೆಲ್ಲ ಪಠ್ಯಪುಸ್ತಕದಲ್ಲಿದೆ. ಹಿರಿಯೂರಿನ ಮುದ್ದೆ, ಸೊಪ್ಪಿನ ಸಾರಿನ ಒಂದು ಊಟದಲ್ಲಿ ಒಟ್ಟಾರೆ ಏನಾಗುತ್ತದೆ ಎಂಬುದಕ್ಕೆ ಪಠ್ಯಪುಸ್ತಕ ಉತ್ತರ ಕೊಡುವುದಿಲ್ಲ. ಮಧುಮೇಹಕ್ಕೆ ನವಣೆ ಒಳ್ಳೆಯದು ಅನ್ನುವ ಮಾತನ್ನೇ ನೋಡಿ. ಒಂದು ಆಹಾರ ತಿಂದ ಮೇಲೆ ರಕ್ತದ ಸಕ್ಕರೆ ಎಷ್ಟು ಏರುತ್ತದೆ ಎಂದು ಹೇಳುವ ಗ್ಲೈಸೆಮಿಕ್ ಸೂಚ್ಯಂಕ ಅಳೆಯಲು 2010ರ ಅಂತರರಾಷ್ಟ್ರೀಯ ಮಾನದಂಡ ಕೇಳುವುದು ಕನಿಷ್ಠ ಹತ್ತು ಮಂದಿ ಆರೋಗ್ಯವಂತರನ್ನು, ಎರಡು ಗಂಟೆಗಳ ಅವಧಿಯಲ್ಲಿ ಕೆಲವು ಸಲ ತೆಗೆದ ಹನಿ ರಕ್ತವನ್ನು. ನವಣೆ ಅನ್ನ, ನವಣೆ ರೊಟ್ಟಿ, ನವಣೆ ಗಂಜಿ ಮೂರಕ್ಕೂ ಮೂರು ಬಗೆಯ ಫಲಿತಾಂಶ ಬರುವ ಸಾಧ್ಯತೆ ಹೆಚ್ಚು, ಏಕೆಂದರೆ ಪಿಷ್ಟ ಎಷ್ಟು ಬೆಂದಿದೆ, ಎಷ್ಟು ನುಣ್ಣಗಾಗಿದೆ ಅನ್ನುವುದರ ಮೇಲೆ ಸಕ್ಕರೆ ಏರುವ ವೇಗ ನಿಂತಿದೆ. ದಾವಣಗೆರೆಯಲ್ಲಿ ಎರಡು ವೈದ್ಯಕೀಯ ಕಾಲೇಜುಗಳಿವೆ. ಹತ್ತು ಮಂದಿ ಸಿಗುವುದು ಕಷ್ಟವೇ?

ಇಂಥ ಚಿಕ್ಕ ಕೆಲಸಕ್ಕೆ ಹಿಂದೆ ಒಂದು ಬಾಗಿಲಿತ್ತು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) ಕಿರು ಸಂಶೋಧನಾ ಯೋಜನೆ. ಹನ್ನೆರಡನೇ ಪಂಚವಾರ್ಷಿಕ ಯೋಜನೆಯ ಕಾಲದಲ್ಲಿ ವಿಜ್ಞಾನ ವಿಷಯಗಳಿಗೆ 5 ಲಕ್ಷ, ಮಾನವಿಕ ವಿಷಯಗಳಿಗೆ 3 ಲಕ್ಷ ಅದರ ಮಿತಿ. ಪದವಿ ಕಾಲೇಜಿನ ಅಧ್ಯಾಪಕರೂ ಅರ್ಜಿ ಹಾಕಬಹುದಿತ್ತು. ಅದರಲ್ಲಿ ಕಳಪೆ ಕೆಲಸವೂ ಬೇಕಾದಷ್ಟು ಆಯಿತು, ನಿಜ. ಆದರೆ ಎಷ್ಟೋ ಕಾಲೇಜುಗಳ ಪ್ರಯೋಗಾಲಯಕ್ಕೆ ಮೊದಲ ಸ್ಪೆಕ್ಟ್ರೋಫೋಟೊಮೀಟರ್ ಬಂದದ್ದೂ ಆ ಬಾಗಿಲಿನಿಂದಲೇ. ಆ ಪಂಚವಾರ್ಷಿಕ ಯೋಜನೆಯ ಅವಧಿ ಮುಗಿದ ಮೇಲೆ ಬಾಗಿಲು ಮುಚ್ಚಿತು. 2022ರ ಶಿಕ್ಷಕರ ದಿನದಂದು ಯುಜಿಸಿ ಹೊಸ ಯೋಜನೆಗಳನ್ನು ಪ್ರಕಟಿಸಿತು. ಸೇವೆಯಲ್ಲಿರುವ ಅಧ್ಯಾಪಕರಿಗೆ, ಹೊಸದಾಗಿ ನೇಮಕವಾದವರಿಗೆ ಎರಡು ವರ್ಷಕ್ಕೆ 10 ಲಕ್ಷ. ಮೊತ್ತ ಒಳ್ಳೆಯದೇ. ಇಡೀ ದೇಶಕ್ಕೆ ಕೆಲವು ನೂರು ಮಂದಿಗೆ ಮಾತ್ರ. ಅದೂ ಕಾಯಂ ಅಧ್ಯಾಪಕರಿಗೆ. ನಮ್ಮ ಕಾಲೇಜುಗಳಲ್ಲಿ ಪಾಠದ ಭಾರ ಹೊತ್ತಿರುವ ಅತಿಥಿ ಉಪನ್ಯಾಸಕರು, ಅವರಲ್ಲಿ ಪಿಎಚ್‌.ಡಿ. ಮಾಡಿದವರೂ ಸೇರಿದಂತೆ, ಲೆಕ್ಕಕ್ಕೇ ಬರುವುದಿಲ್ಲ.

ಮೇಲಿನ ಹಂತದಲ್ಲಿ ಅನುಸಂಧಾನ ರಾಷ್ಟ್ರೀಯ ಸಂಶೋಧನಾ ಪ್ರತಿಷ್ಠಾನ ಬಂದಿದೆ. 2023ರ ಕಾಯ್ದೆ, ಐದು ವರ್ಷಕ್ಕೆ 50,000 ಕೋಟಿಯ ಕನಸು, ಅದರಲ್ಲಿ ಸುಮಾರು 36,000 ಕೋಟಿ ಸರ್ಕಾರದ ಹೊರಗಿನಿಂದ ಬರಬೇಕು. ರಾಜ್ಯ ವಿಶ್ವವಿದ್ಯಾಲಯಗಳಿಗೆಂದೇ ಇದ್ದ ಶೂರ್ ಯೋಜನೆಯಲ್ಲಿ ಮೂರು ವರ್ಷಕ್ಕೆ 30 ಲಕ್ಷದವರೆಗೆ ಸಿಗುತ್ತಿತ್ತು. ಬೆಂಗಳೂರಿನಲ್ಲಿ ರಾಜ್ಯದ ವಿಜ್ಞಾನ ಮತ್ತು ತಂತ್ರಜ್ಞಾನ ದೂರದೃಷ್ಟಿ ತಂಡ ಯುವ ವಿಜ್ಞಾನಿಗಳಿಗೆ ಬೀಜಧನ ಕೊಡುತ್ತದೆ. ಎಂಬಿಬಿಎಸ್ ವಿದ್ಯಾರ್ಥಿಗಳಿಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) 1979ರಿಂದ ನಡೆಸುತ್ತಿರುವ ಎರಡು ತಿಂಗಳ ಅಲ್ಪಾವಧಿ ಯೋಜನೆ ಇದೆ. ನನ್ನ ಅಭಿಪ್ರಾಯದಲ್ಲಿ ದೇಶದ ಸಣ್ಣ ಯೋಜನೆಗಳಲ್ಲಿ ಅತ್ಯಂತ ಜಾಣತನದ್ದು ಅದು: ಒಬ್ಬ ವಿದ್ಯಾರ್ಥಿ, ಒಬ್ಬ ಮಾರ್ಗದರ್ಶಿ, ಒಂದು ಪ್ರಶ್ನೆ, ವರದಿ ಒಪ್ಪಿಗೆಯಾದ ಮೇಲೆ ಹಣ.

ಇವುಗಳ ನಡುವೆ ಎರಡರಿಂದ ಐದು ಲಕ್ಷದ ಜಾಗ ಬಹುಮಟ್ಟಿಗೆ ಖಾಲಿ ಬಿದ್ದಿದೆ. ಅಲ್ಲೇ ನಮ್ಮ ಚಿಕ್ಕಿ, ಸಾವೆ, ಮುದ್ದೆಯ ಪ್ರಶ್ನೆಗಳಿರುವುದು. ಕಿರಿಯ ಸಂಶೋಧಕರ ಫೆಲೋಶಿಪ್ 2023ರ ಜನವರಿಯಿಂದ ತಿಂಗಳಿಗೆ 37,000 ರೂಪಾಯಿ. ವರ್ಷಕ್ಕೆ 4.44 ಲಕ್ಷ, ಮನೆ ಬಾಡಿಗೆ ಭತ್ಯೆ ಬೇರೆ. ಹಳೆಯ ಕಿರು ಯೋಜನೆಯ ಇಡೀ ಹಣ ಇಂದು ಒಬ್ಬ ಹುಡುಗಿಯ ಒಂದು ವರ್ಷದ ಫೆಲೋಶಿಪ್ಪಿಗೇ ಮುಗಿದುಹೋಗುತ್ತದೆ. ಆದ್ದರಿಂದ ಸಣ್ಣ ಯೋಜನೆಯಲ್ಲಿ ಹೊಸಬರನ್ನು ನೇಮಿಸಿಕೊಳ್ಳುವ ಮಾತು ಬಿಡಬೇಕು. ಎಂ.ಎಸ್‌ಸಿ. ಕೊನೆಯ ವರ್ಷದವರ ಪ್ರಾಜೆಕ್ಟ್ ಹೇಗೂ ಇದ್ದೇ ಇದೆ. ಅದಕ್ಕೆ ರಾಸಾಯನಿಕ, ಓಡಾಟ, ಹೊರಗೆ ಮಾಡಿಸುವ ಪರೀಕ್ಷೆಯ ಖರ್ಚು ಸೇರಿಸಿದರೆ ಸಾಕು.

ಮಂಜೂರಾದ ಹಣ ಕೈಗೆ ಬರುವ ದಾರಿಯದ್ದು ಇನ್ನೊಂದು ಪುರಾಣ. ರಾಜ್ಯದ ವಿಶ್ವವಿದ್ಯಾಲಯಗಳ ಖರೀದಿ 1999ರ ಸಾರ್ವಜನಿಕ ಸಂಗ್ರಹಣೆಯಲ್ಲಿ ಪಾರದರ್ಶಕತೆ ಕಾಯ್ದೆಯ ಚೌಕಟ್ಟಿನಲ್ಲಿ ನಡೆಯಬೇಕು. ಭ್ರಷ್ಟಾಚಾರ ತಡೆಯಲು ತಂದ ಕಾಯ್ದೆ, ಬೇಕಾದದ್ದೇ. ಆದರೆ ರಸ್ತೆ ಕಾಮಗಾರಿಗೆ ಹೊಲಿದ ಅಂಗಿಯನ್ನು ಎಂಟು ಸಾವಿರದ ಕಿಣ್ವದ ಸೀಸೆಗೆ ತೊಡಿಸಿದರೆ ಕೈಕಾಲು ಆಡುವುದಿಲ್ಲ. ಮೂರು ಕೊಟೇಶನ್, ತುಲನಾತ್ಮಕ ಪಟ್ಟಿ, ಹಣಕಾಸು ಅಧಿಕಾರಿಯ ಟಿಪ್ಪಣಿ, ಕುಲಸಚಿವರ ಸಹಿ. ಅಷ್ಟರಲ್ಲಿ ಸೆಮಿಸ್ಟರ್ ಮುಗಿದಿರುತ್ತದೆ. ಕೇಂದ್ರದ ವಿಜ್ಞಾನ ಸಂಸ್ಥೆಗಳಿಗೆ ನೇರ ಖರೀದಿಯ ಮಿತಿಯನ್ನು 2025ರ ಜೂನ್‌ನಲ್ಲಿ ಒಂದು ಲಕ್ಷದಿಂದ ಎರಡು ಲಕ್ಷಕ್ಕೆ ಏರಿಸಿದರು. ದಾವಣಗೆರೆ ವಿಶ್ವವಿದ್ಯಾಲಯವಿರುವ ತೋಳಹುಣಸೆಯ ಪ್ರಯೋಗಾಲಯಕ್ಕೆ ಅಂಥ ಸಡಿಲಿಕೆ ಬೇಕಿದ್ದರೆ ಬೆಂಗಳೂರಿನತ್ತ ನೋಡಬೇಕು. ಸಂಶೋಧನಾ ಅನುದಾನದ ಮೇಲೆ ಶೇ 18 ಜಿಎಸ್‌ಟಿ ಕಟ್ಟಿ ಎಂದು ದೊಡ್ಡ ಸಂಸ್ಥೆಗಳಿಗೇ ನೋಟಿಸ್ ಹೋಗಿ ರಾದ್ಧಾಂತವಾದ ಮೇಲೆ, 2024ರ ಸೆಪ್ಟೆಂಬರ್‌ನಲ್ಲಿ ಜಿಎಸ್‌ಟಿ ಮಂಡಳಿ ವಿನಾಯಿತಿ ಒಪ್ಪಿತು. ಖಾಸಗಿ ದಾನಿಯಿಂದ ಬಂದ ಅನುದಾನಕ್ಕೂ ಅದು ಅನ್ವಯಿಸುವಂತೆ ಮಾಡಿದ್ದು ಸಣ್ಣ ವಿಶ್ವವಿದ್ಯಾಲಯಗಳಿಗೆ ದೊಡ್ಡ ಉಪಕಾರ.

ಹಣ ಬಂದರೆ ಒಳ್ಳೆಯ ಸಂಶೋಧನೆ ತಾನಾಗೇ ಆಗುತ್ತದೆ ಅಂತ ನಂಬುವಷ್ಟು ಮುಗ್ಧರಾಗುವುದು ಬೇಡ. ಆಹಾರ ವಿಜ್ಞಾನದ ಯಾವ ವಿಭಾಗಕ್ಕೆ ಹೋದರೂ ಬಿಸ್ಕತ್ತು ಸಿಗುತ್ತದೆ. ನುಗ್ಗೆ ಸೊಪ್ಪಿನ ಪುಡಿ ಬೆರೆಸಿದ ಬಿಸ್ಕತ್ತು, ಅಗಸೆ ಬೆರೆಸಿದ್ದು, ಸಾವೆ ಬೆರೆಸಿದ್ದು. ಶೇ 10, 20, 30 ಎಂದು ಮೂರು ಮಿಶ್ರಣ. ವಿಭಾಗದ ಸಹೋದ್ಯೋಗಿಗಳೇ ರುಚಿ ನೋಡಿ ಒಂಬತ್ತರಲ್ಲಿ ಅಂಕ ಕೊಡುತ್ತಾರೆ. ಶೇ 20ರದ್ದು ಚೆನ್ನಾಗಿದೆ ಎಂದು ತೀರ್ಮಾನ. ಸಕ್ಕರೆ, ಡಾಲ್ಡಾ ಎಷ್ಟು ಹಾಕಿದ್ದೀರಿ ಎಂದು ಯಾರೂ ಕೇಳುವುದಿಲ್ಲ, ಆ ಬಿಸ್ಕತ್ತು ಯಾವ ಅಂಗಡಿಗೂ ಹೋಗುವುದಿಲ್ಲ. ಇದು ಅಧ್ಯಾಪಕರ ಸೋಮಾರಿತನ ಮಾತ್ರವಲ್ಲ. ಒಂದು ಸೆಮಿಸ್ಟರ್‌ನಲ್ಲಿ, ಕೈಯಿಂದ ಖರ್ಚು ಮಾಡಿ, ಮನುಷ್ಯರ ಮೇಲಿನ ಅಧ್ಯಯನಕ್ಕೆ ಒಪ್ಪಿಗೆ ಕೊಡುವ ನೈತಿಕ ಸಮಿತಿಯ ಗೊಡವೆಯಿಲ್ಲದೆ ಮುಗಿಸಬಹುದಾದ ಪ್ರಾಜೆಕ್ಟ್ ಎಂದರೆ ಬಿಸ್ಕತ್ತೇ.

ಚಿಕ್ಕ ಯೋಜನೆಗಳ ನಿಜವಾದ ದೌರ್ಬಲ್ಯ ಮಾದರಿಯ ಸಂಖ್ಯೆ. ಇಪ್ಪತ್ತು ಹೆಂಗಸರ ಮೇಲೆ ಮಾಡಿದ ಅಧ್ಯಯನದಿಂದ ಹಿಮೋಗ್ಲೋಬಿನ್ ಏರಿತು ಎಂದು ಹೇಳಿದರೆ ನಂಬುವುದು ಕಷ್ಟ. ಇದಕ್ಕೆ ಪರಿಹಾರ ದೊಡ್ಡ ಅನುದಾನವೇ ಆಗಬೇಕಿಲ್ಲ. ಹೊಳಲ್ಕೆರೆ, ಹರಿಹರ, ಜಗಳೂರು, ಚನ್ನಗಿರಿಯ ಕಾಲೇಜುಗಳು ಒಂದೇ ವಿಧಾನ, ಒಂದೇ ನಮೂನೆ ಇಟ್ಟುಕೊಂಡು ತಲಾ ಒಂದೆರಡು ಲಕ್ಷದಲ್ಲಿ ಅದೇ ಕೆಲಸ ಮಾಡಿದರೆ ಎಲ್ಲವನ್ನೂ ಸೇರಿಸಿ ನೋಡಬಹುದು. ಬೆರಕೆ ಸೊಪ್ಪಿನ ವಿಷಯದಲ್ಲಿ ಇದು ವಿಶೇಷವಾಗಿ ಒಗ್ಗುತ್ತದೆ. ಯಾವ ತಿಂಗಳು ಯಾವ ಹೊಲದಲ್ಲಿ ಯಾವ ಸೊಪ್ಪು ಸಿಗುತ್ತದೆ ಎಂದು ಗೊತ್ತಿರುವುದು ಆಯಾ ಊರಿನ ಹೆಂಗಸರಿಗೆ, ಅವರ ಮಕ್ಕಳು ಓದುತ್ತಿರುವುದು ಇದೇ ಕಾಲೇಜುಗಳಲ್ಲಿ.

ಹಿಂದೆ ಸಣ್ಣ ಕೆಲಸಗಳೇ ದೊಡ್ಡದಕ್ಕೆ ದಾರಿಯಾಗಿವೆ. ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 1918ರಲ್ಲಿ ಶುರುವಾದದ್ದು ಕೂನೂರಿನಲ್ಲಿ, ರಾಬರ್ಟ್ ಮೆಕ್‌ಕ್ಯಾರಿಸನ್ ಅವರ ಒಂದು ಕೋಣೆಯ ಬೆರಿಬೆರಿ (ಬಿ-1 ವಿಟಮಿನ್ ಕೊರತೆಯ ರೋಗ) ವಿಚಾರಣೆಯಾಗಿ. ದಖ್ಖನಿನ ಜೋಳ ತಿನ್ನುವ ಬಡವರಲ್ಲಿ ಪೆಲಗ್ರಾ (ನಯಾಸಿನ್ ಎಂಬ ವಿಟಮಿನ್ ಕೊರತೆಯ ರೋಗ) ಏಕೆ ಬರುತ್ತದೆ ಎಂದು ಸಿ. ಗೋಪಾಲನ್ ಮತ್ತು ಎಸ್.ಜಿ. ಶ್ರೀಕಂಠಯ್ಯ 1960ರಲ್ಲಿ ಎತ್ತಿದ ಪ್ರಶ್ನೆ ಹುಟ್ಟಿದ್ದು ಒಂದು ಪ್ರದೇಶದ ತಟ್ಟೆಯನ್ನು ಹತ್ತಿರದಿಂದ ನೋಡಿದ್ದರಿಂದ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ (ಸಿಎಫ್‌ಟಿಆರ್‌ಐ) ಎಣ್ಣೆ ತೆಗೆದ ಶೇಂಗಾ ಹಿಟ್ಟಿಗೆ ಕಾಲು ಭಾಗ ಕಡಲೆಹಿಟ್ಟು ಸೇರಿಸಿ ವಿಟಮಿನ್ ಬೆರೆಸಿದ ಬಹೂಪಯೋಗಿ ಆಹಾರ ತಯಾರಿಸಿತ್ತು. ಶೇಂಗಾ ಪ್ರೋಟೀನಿನಿಂದ ಹಾಲನ್ನು ಹಿಗ್ಗಿಸುವ ಮಿಲ್‌ಟೋನ್ ಕೂಡ ಅಲ್ಲಿಂದಲೇ ಬಂತು. ಅಫ್ಲಾಟಾಕ್ಸಿನ್ ಭಯ, ಹಾಲಿನ ಉತ್ಪಾದನೆ ಏರಿದ್ದು, ಇಂಥ ಕಾರಣಗಳಿಂದ ಅವು ಹಿಂದೆ ಸರಿದವು. ಚಳ್ಳಕೆರೆಯ ಗಿರಣಿಗಳಿಂದ ಬರುವ ಹಿಂಡಿ ಈಗಲೂ ಮುಖ್ಯವಾಗಿ ದನಕ್ಕೇ ಹೋಗುತ್ತದೆ. ಅದರಲ್ಲಿ ಶೇ 40ಕ್ಕೂ ಹೆಚ್ಚು ಪ್ರೋಟೀನ್ ಇದೆ. ದಾವಣಗೆರೆಯ ಮೆಕ್ಕೆಜೋಳವೂ ಹಾಗೆಯೇ, ಕೋಳಿ ಆಹಾರಕ್ಕೆ, ಸ್ಟಾರ್ಚಿಗೆ. ಮನುಷ್ಯರ ತಟ್ಟೆಗೆ ಅವನ್ನು ತರಬಹುದೇ ಎಂದು ಇವತ್ತಿನ ಉಪಕರಣಗಳೊಂದಿಗೆ ಮತ್ತೆ ಕೇಳುವುದು ತಪ್ಪೇನಲ್ಲ.

ಸರ್ಕಾರ ಕೊಡದಿದ್ದರೆ ಖಾಸಗಿಯವರು ಕೊಡಲಿ ಎನ್ನುವುದು ಸುಲಭ. ದಾರಿಗಳೂ ಇವೆ. 2019ರಿಂದ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣವನ್ನು ಸಾರ್ವಜನಿಕ ವಿಶ್ವವಿದ್ಯಾಲಯಗಳ ಸಂಶೋಧನೆಗೆ ಕೊಡಬಹುದು. ಕಬ್ಬಿಣದ ಅದಿರು ತೆಗೆಯುವ ಚಿತ್ರದುರ್ಗದಲ್ಲಿ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ ಇದ್ದು, ಆರೋಗ್ಯ ಅದರ ಆದ್ಯತೆಗಳಲ್ಲಿ ಒಂದು. ಸಸ್ಯಮೂಲದ ಪ್ರೋಟೀನ್ ಸಂಶೋಧನೆಗೆ ಗುಡ್ ಫುಡ್ ಇನ್‌ಸ್ಟಿಟ್ಯೂಟ್‌ನಂಥ ಸಂಸ್ಥೆಗಳು 2019ರಿಂದ ಜಗತ್ತಿನಾದ್ಯಂತ ಅನುದಾನ ಕೊಡುತ್ತಿವೆ. ಮಾಂಸಕ್ಕೆ ಪರ್ಯಾಯ ಬೆಳೆಸುವುದು ಅವರ ಘೋಷಿತ ಗುರಿ. ಅದನ್ನು ಅವರು ಮುಚ್ಚಿಡುವುದಿಲ್ಲ, ನಾವೂ ಮರೆಯಬಾರದು. ಕೊಡುವವರು ಎಣ್ಣೆ ಗಿರಣಿಯವರಿರಲಿ, ಕೋಳಿ ಉದ್ಯಮದವರಿರಲಿ, ಮಠವಿರಲಿ, ಸಸ್ಯಾಹಾರಿ ಸಂಘವಿರಲಿ, ಪ್ರತಿಯೊಬ್ಬರಿಗೂ ಬೇಕಾದ ಉತ್ತರ ಒಂದಿರುತ್ತದೆ.

ಹಣ ಚಿಕ್ಕದಾದರೆ ಪ್ರಭಾವವೂ ಚಿಕ್ಕದು ಎಂದು ತಿಳಿಯುವ ಹಾಗಿಲ್ಲ. ಅಮೆರಿಕದ ಸಕ್ಕರೆ ಉದ್ಯಮದ ಸಂಘವೊಂದು 1960ರ ದಶಕದಲ್ಲಿ ಹಾರ್ವರ್ಡ್‌ನ ಸಂಶೋಧಕರಿಗೆ ಕೊಟ್ಟದ್ದು 6,500 ಡಾಲರ್. ಹೃದ್ರೋಗದ ಹೊಣೆಯನ್ನು ಸಕ್ಕರೆಯ ಮೇಲಿಂದ ಇಳಿಸಿ ಕೊಬ್ಬಿನ ಮೇಲೆ ಹೊರಿಸುವ ವಿಮರ್ಶಾ ಲೇಖನ 1967ರಲ್ಲಿ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಬಂತು. ಹಣದ ಮೂಲ ಬಯಲಾದದ್ದು 2016ರಲ್ಲಿ. ಪಾನೀಯಗಳ ಕುರಿತ 200ಕ್ಕೂ ಹೆಚ್ಚು ಲೇಖನಗಳನ್ನು ಪರಿಶೀಲಿಸಿದ 2007ರ ಅಧ್ಯಯನವೊಂದು, ಪೂರ್ತಿ ಉದ್ಯಮದ ಹಣದಿಂದ ನಡೆದವುಗಳಲ್ಲಿ ಉದ್ಯಮಕ್ಕೆ ಅನುಕೂಲವಾದ ತೀರ್ಮಾನ ಬರುವ ಸಾಧ್ಯತೆ ಹಲವು ಪಟ್ಟು ಹೆಚ್ಚು ಎಂದು ತೋರಿಸಿತು. ಆದ್ದರಿಂದ ಹಣ ಯಾರದ್ದೇ ಆಗಲಿ, ಅದು ನೇರವಾಗಿ ಅಧ್ಯಾಪಕರ ಖಾತೆಗೆ ಹೋಗದೆ ವಿಶ್ವವಿದ್ಯಾಲಯದ ಒಂದು ನಿಧಿಗೆ ಸೇರಬೇಕು. ಪ್ರಶ್ನೆ ಮತ್ತು ವಿಧಾನ ಕೆಲಸಕ್ಕೆ ಮೊದಲೇ ಬರೆದಿಟ್ಟಿರಬೇಕು. ಫಲಿತಾಂಶ ಹೇಗೇ ಬಂದರೂ ಪ್ರಕಟಿಸುವ ಹಕ್ಕು ಸಂಶೋಧಕರದ್ದಾಗಿರಬೇಕು. ಸಸ್ಯಾಹಾರ ಪ್ರೀತಿಸುವ ದಾನಿಗೆ, ಸಸ್ಯಮೂಲದ ಊಟದಲ್ಲಿ ಬಿ-12 ವಿಟಮಿನ್ ಸಿಗುವುದಿಲ್ಲ ಎಂಬ ವಾಕ್ಯವನ್ನು ವರದಿಯ ಮೊದಲ ಪುಟದಲ್ಲಿ ಓದುವ ತಾಳ್ಮೆ ಇರಬೇಕು.

ಇದಕ್ಕೆ ಹೊಸ ಕಟ್ಟಡ ಬೇಕಾಗಿಲ್ಲ. 2009ರಲ್ಲಿ ಹುಟ್ಟಿದ ದಾವಣಗೆರೆ ವಿಶ್ವವಿದ್ಯಾಲಯದ ವ್ಯಾಪ್ತಿಯಲ್ಲೇ ಎರಡೂ ಜಿಲ್ಲೆಗಳಿವೆ. ದಾವಣಗೆರೆಯಲ್ಲಿ ತರಳಬಾಳು ಕೃಷಿ ವಿಜ್ಞಾನ ಕೇಂದ್ರ, ಹಿರಿಯೂರಿನ ಬಬ್ಬೂರು ಫಾರಂ ಮತ್ತು ಕತ್ತಲಗೆರೆಯ ಕೃಷಿ ಸಂಶೋಧನಾ ಕೇಂದ್ರಗಳು, ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣ. ಎಲ್ಲವೂ ಒಂದು ದಿನದ ಬಸ್ಸಿನ ದಾರಿಯಲ್ಲಿವೆ. ಒಬ್ಬರ ಬಳಿ ತಳಿ, ಇನ್ನೊಬ್ಬರ ಬಳಿ ಉಪಕರಣ, ಮತ್ತೊಬ್ಬರ ಬಳಿ ನೈತಿಕ ಸಮಿತಿ. ಯಾರ ಉಪಕರಣವನ್ನು ಯಾರು ಯಾವ ದರಕ್ಕೆ ಬಳಸಬಹುದು ಎಂಬ ಒಪ್ಪಂದ ಒಂದಾದರೆ ಐದು ಲಕ್ಷ ಹತ್ತು ಲಕ್ಷದಷ್ಟು ಕೆಲಸ ಮಾಡುತ್ತದೆ.

ಕಡೆಯದಾಗಿ, ಕ್ಯಾಲೆಂಡರ್. ಅನುದಾನಗಳ ಹಣ ಬಿಡುಗಡೆಯಾಗುವುದು ಹೆಚ್ಚಾಗಿ ಜನವರಿಯ ಹೊತ್ತಿಗೆ, ಮಾರ್ಚ್ 31ರೊಳಗೆ ಖರ್ಚು ತೋರಿಸಿ ಬಳಕೆ ಪ್ರಮಾಣಪತ್ರ ಕೊಡಬೇಕು. ಅಷ್ಟು ಹೊತ್ತಿಗೆ ಮಳೆಗಾಲದ ಸಾವೆ ಒಕ್ಕಣೆಯಾಗಿ ಮಾರಾಟವಾಗಿರುತ್ತದೆ, ಶೇಂಗಾ ಗಿರಣಿ ಸೇರಿರುತ್ತದೆ, ಹೊಲದ ಸೊಪ್ಪು ಒಣಗಿರುತ್ತದೆ. ಆಗ ಸಂಶೋಧಕರು ಪೇಟೆಯಿಂದ ಮೂಲ ಗೊತ್ತಿಲ್ಲದ ಕಾಳು ಕೊಂಡು ವಿಶ್ಲೇಷಿಸುತ್ತಾರೆ. ಅರ್ಜಿಯನ್ನು ಮಾರ್ಚ್‌ನಲ್ಲಿ ಕರೆದು, ಬಿತ್ತನೆಗೆ ಮುಂಚೆ ಹಣ ಕೊಟ್ಟು, ಮರುವರ್ಷದ ಜೂನ್‌ವರೆಗೆ ಲೆಕ್ಕ ತೆರೆದಿಡುವುದಕ್ಕೆ ದೆಹಲಿಯ ಅನುಮತಿ ಬೇಡ. ವಿಶ್ವವಿದ್ಯಾಲಯ ತನ್ನದೇ ನಿಧಿಯನ್ನು ಕಟ್ಟಿಕೊಂಡರೆ ಸಿಂಡಿಕೇಟ್ ಸಭೆಯ ಒಂದು ನಿರ್ಣಯದಲ್ಲಿ ಆಗುವ ಕೆಲಸ ಅದು.